ಕರಡಿಗೆ ಮತ್ತು ಅಂಗಳ

ನನ್ನ ಹೆಂಡತಿ ಗಂಗಾಂಬಿಕೆ ಲಿಂಗೈಕ್ಯಳಾದ ಸುದ್ದಿ ನನಗೆ ತಲುಪಿದ್ದು ಒಂದು ಫೋನಿನಿಂದ, ಓಣಿಗೆ ತಲುಪಿದ್ದು ಇನ್ನೊಂದು ಫೋನಿನಿಂದ. ಆ ಎರಡು ಬಗೆಯ ಫೋನುಗಳನ್ನು ತೂಗಿ ನೋಡುವುದರಲ್ಲೇ ಅವಳು ತನ್ನ ಕೊನೆಯ ವರ್ಷಗಳನ್ನು ಕಳೆದಿದ್ದಳು. ಅವಳ ಸಾವೇ ಆ ತೂಕಕ್ಕೆ ಬಂದು ಕೂತೀತೆಂದು ನಾವಿಬ್ಬರೂ ಎಣಿಸಿರಲಿಲ್ಲ.

ಮಧ್ಯಾಹ್ನದ ಹೊತ್ತು. ನಾನು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದೆ. ಜೇಬಿನಲ್ಲಿದ್ದ ನನ್ನ ಫೋನಿಗೆ ಗಂಗಾಳ ಫೋನಿನಿಂದ ಒಂದು ಓಲೆ ಬಂತು. ಅದರಲ್ಲಿ ಹೀಗಿತ್ತು: "ಒಡತಿಯವರ ನಾಡಿ ನನಗೆ ಸಿಗುತ್ತಿಲ್ಲ. ವೈದ್ಯರನ್ನು ಕರೆದಿದ್ದೇನೆ, ಅವರು ಪಕ್ಕದಲ್ಲಿದ್ದಾರೆ. ನೀವು ಬರಬೇಕು. ಈ ಮಾತನ್ನು ಮನೆಯವರಲ್ಲಿ ನಿಮಗೊಬ್ಬರಿಗೇ ತಿಳಿಸಿದ್ದೇನೆ."

ಓದಿ ಮುಗಿಸಿ ನಾನು ಎದ್ದು ನಿಂತೆ. ಎದ್ದವನಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಚಪ್ಪಲಿ ಎಲ್ಲಿವೆ ಎಂದು ಹುಡುಕಿದೆ, ಅವು ಕಾಲಲ್ಲೇ ಇದ್ದವು. ಅಷ್ಟರಲ್ಲಿ ಎದುರು ಮನೆಯ ಇಂದಿರವ್ವ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. ಅವಳ ಹಿಂದೆ ಮತ್ತೆ ಯಾರೋ, ಅವರ ಹಿಂದೆ ಇನ್ನೂ ಯಾರೋ.

"ನಡೀರಿ ಮಾಸ್ತರ್ರ. ಗಾಡಿ ತಿರುವಿನಾಗ ನಿಂತದ. ನಮ್ಮ ಮನಿಯವ್ರು ಚಾಲೂ ಮಾಡ್ಯಾರ."

"ನಿನಗ ಯಾರು ಹೇಳಿದ್ರವ್ವಾ?"

"ನಿಮ್ಮ ಫೋನು ನಮ್ಮ ಫೋನಿಗೆ ಹೇಳ್ತು. 'ಮಾಸ್ತರರಿಗೆ ದಿಕ್ಕು ತೋಚವಲ್ದು, ಯಾರರೆ ಬಂದು ಗಂಗಕ್ಕನ ಕಚೇರಿಗೆ ಕರಕೊಂಡು ಹೋಗ್ರಿ' ಅಂತ. ಇನ್ನೇನೂ ಹೇಳಲಿಲ್ಲ. ಬರ್ರಿ, ಬರ್ರಿ."

ಆ ಗಳಿಗೆಯಲ್ಲಿ ನನಗೆ ನನ್ನ ಫೋನಿನ ಮೇಲೆ ಸಿಟ್ಟು ಬಂತು. ನನ್ನ ದುಃಖವನ್ನು ನಾನೇ ಇನ್ನೂ ಮುಟ್ಟಿ ನೋಡಿರಲಿಲ್ಲ, ಅದಾಗಲೇ ಅಂಗಳಕ್ಕೆ ಇಳಿದುಬಿಟ್ಟಿತ್ತು. ಆದರೆ ಆ ಹಿಟ್ಟಿನ ಕೈ ನನ್ನ ತೋಳನ್ನು ಹಿಡಿಯದೆ ಹೋಗಿದ್ದರೆ ನಾನು ಆ ತಿರುವಿನವರೆಗೂ ನಡೆಯುತ್ತಿರಲಿಲ್ಲ ಎಂಬುದೂ ನಿಜ.

ಗಂಗಾ ತನ್ನ ಕೆಲಸದ ಕೋಣೆಯಲ್ಲಿ, ತನ್ನ ಕುರ್ಚಿಯಲ್ಲೇ, ಎದುರಿನ ಗಾಜಿನ ಆಚೆ ನೋಡುತ್ತ ಕುಳಿತಂತೆಯೇ ಹೋಗಿದ್ದಳು. ಹೃದಯ ನಿಂತಿತ್ತು. ನೋವು ಬಹಳ ಆಗಿರಲಿಕ್ಕಿಲ್ಲ ಎಂದು ವೈದ್ಯರು ಹೇಳಿದರು. ಮಹಾದೇವನು ಅಷ್ಟು ಕರುಣೆ ತೋರಿದ.

ಇನ್ನು ಈ ಎರಡು ಫೋನುಗಳ ಸಂಗತಿ ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಈಗಿನ ಫೋನುಗಳು ಒಡೆಯರ ಜೊತೆ ಬದುಕಿ, ಅವರ ನಡೆನುಡಿ ಕಲಿತು, ಹೇಳುವ ಮೊದಲೇ ಕೆಲಸ ಮಾಡುವಂಥವು. ಅವುಗಳ ಒಳಗೆ ಕುಳಿತು ಕಲಿಯುವ ವ್ಯವಸ್ಥೆಗಳು ಎರಡು. ಇಡೀ ಲೋಕವೇ ಈ ಎರಡರ ನಡುವೆ ಹಂಚಿಹೋಗಿದೆ. ತಯಾರಿಸಿದವರು ಇಟ್ಟ ಹೆಸರುಗಳು ಬೇರೆ, ನನ್ನ ನಾಲಿಗೆಗೆ ಅವು ಹೊರಳುವುದಿಲ್ಲ. ನಮ್ಮ ಮನೆಯಲ್ಲಿ ಒಂದಕ್ಕೆ ಅಂಗಳ ಎಂದೂ ಇನ್ನೊಂದಕ್ಕೆ ಕರಡಿಗೆ ಎಂದೂ ಹೆಸರಿಟ್ಟಿದ್ದೆವು. ಗಂಗಾಳ ಬಾಯಿಂದ ಅವಳ ಕಚೇರಿಯವರೂ ಹಾಗೆಯೇ ಕರೆಯತೊಡಗಿದ್ದರು.

ಅಂಗಳವು ಕಲಿತದ್ದನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಸುತ್ತಲಿನ ಅಂಗಳದ ಫೋನುಗಳೆಲ್ಲ ಒಂದಕ್ಕೊಂದು ಹೇಳಿಕೊಂಡು, ಕೇಳಿಕೊಂಡು, ಎಲ್ಲ ಸೇರಿ ಒಂದೇ ಬುದ್ಧಿಯಾಗುತ್ತವೆ. ಒಬ್ಬರ ಮನೆಯ ಅನುಭವ ಹತ್ತು ಮನೆಗೆ ಉಪಯೋಗವಾಗುತ್ತದೆ. ಕರಡಿಗೆ ಹಾಗಲ್ಲ. ಕರಡಿಗೆಯೆಂದರೆ ನಾವು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಪೆಟ್ಟಿಗೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಕಡ ಕೇಳುವುದಿಲ್ಲ, ಕೊನೆಗೆ ಅದು ಅವರ ಅಂಗೈಯಲ್ಲೇ ಮಣ್ಣಿಗೆ ಹೋಗುತ್ತದೆ. ಆ ಫೋನೂ ಹಾಗೆಯೇ. ಮಣಿಕಟ್ಟಿನ ತೆಳುವಾದ ಪಟ್ಟಿಯ ಮೂಲಕ ಒಡೆಯರ ನಾಡಿಯನ್ನು ಕೇಳುತ್ತಿರುತ್ತದೆ. ಆ ನಾಡಿಗಲ್ಲದೆ ಬೇರೆ ಯಾರಿಗೂ ತೆರೆಯುವುದಿಲ್ಲ. ಆ ನಾಡಿ ಸಿಗದಿದ್ದರೆ ಹೊಸ ವಿದ್ಯುತ್ತನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದ್ದ ಚಾರ್ಜು ತೀರುವವರೆಗೆ ಕಾಯುತ್ತದೆ. ಎಣ್ಣೆ ತೀರಿದ ದೀಪದಂತೆ ಆರುವಾಗ ತಾನು ಕಲಿತದ್ದನ್ನೆಲ್ಲ ಮರೆತು ಆರುತ್ತದೆ.

ಸರ್ಕಾರವು ವಯಸ್ಸಾದವರಿಗೆಲ್ಲ ಒಂದೊಂದು ಫೋನು ಕೊಡಲು ನಿಶ್ಚಯಿಸಿ, ಯಾವ ವ್ಯವಸ್ಥೆ ಒಳ್ಳೆಯದೆಂದು ತಿಳಿಯಲು ಧಾರವಾಡದ ಹೊರಗೆ ಒಂದು ತುಲನಾ ಕೇಂದ್ರ ತೆರೆದಿತ್ತು. ಗಂಗಾ ಅದರ ಮುಖ್ಯಸ್ಥೆ. ಅಲ್ಲಿ ಒಂದು ಮಾದರಿ ಮನೆಯಿದೆ. ಅಡುಗೆಮನೆ, ಪಡಸಾಲೆ, ಜಗುಲಿ, ಎಲ್ಲವೂ ಇವೆ. ಗಾಜಿನ ಗೋಡೆಯ ಈಚೆ ನಿಯಂತ್ರಣ ಕೊಠಡಿ. ಜನ ಒಳಗೆ ಅಡುಗೆ ಮಾಡುತ್ತಾರೆ, ಮಾತಾಡುತ್ತಾರೆ, ಜಗಳಾಡುತ್ತಾರೆ. ಈಚೆ ಕುಳಿತವರು ಯಾವ ಫೋನು ಯಾವಾಗ ಏನು ಮಾಡಿತೆಂದು ನೋಡುತ್ತಾರೆ. ಆದರೆ ಗಂಗಾಳಿಗೆ ಆ ಗಾಜಿನ ಮನೆಯ ಮೇಲೆ ಪೂರಾ ನಂಬಿಕೆ ಇರಲಿಲ್ಲ.

"ಗಾಜಿನ್ಯಾಗ ಯಾರೂ ಖರೆ ಜಗಳ ಆಡಂಗಿಲ್ಲರೀ," ಎನ್ನುತ್ತಿದ್ದಳು. "ಖರೆ ಪರೀಕ್ಷಾ ನಮ್ಮ ಮನ್ಯಾಗ ಆಗಬೇಕು."

ಹಾಗಾಗಿ ನನಗೆ ಅಂಗಳ, ಅವಳಿಗೆ ಕರಡಿಗೆ. ನಾನು ನಿವೃತ್ತ ಗಣಿತದ ಮಾಸ್ತರ. ಲೆಕ್ಕ ತಪ್ಪಿದರೆ ತಿದ್ದಬಲ್ಲೆ, ಫೋನು ತಪ್ಪಿದರೆ ಬೈಯಬಲ್ಲೆ. ಇಂಥವನೇ ಬೇಕೆಂದು ಅವಳು ಆರಿಸಿದ್ದಳು.

ಮನೆಯಲ್ಲಿ ನಿತ್ಯವೂ ಪಂಥ. ಒಮ್ಮೆ ನನ್ನ ಮಂಡಿ ಹಿಡಿದುಕೊಂಡಾಗ ಅಂಗಳ ಓಣಿಯ ಅಂಗಳಗಳನ್ನೆಲ್ಲ ಕೇಳಿ ಬಂತು. ಸಂಜೆಯೊಳಗೆ ನಮ್ಮ ಕಟ್ಟೆಯ ಮೇಲೆ ಔಷಧಿ ಎಣ್ಣೆಯ ಬಾಟಲಿಗಳ ಸಾಲೇ ನಿಂತಿತು. ಗಂಗಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನ್ರೀ, ನಿಮ್ಮ ಮಂಡಿ ಊರಿಗೆಲ್ಲ ಡಂಗುರ ಹೊಡಿಸಿಕೊಂಡು ಬಂತಲ್ಲ! ನಾಳೆ ಹೊಟ್ಟಿ ಕೆಟ್ರ ಏನು ಗತಿ?"

"ಮಂಡಿ ನೆಟ್ಟಗಾತಲ್ಲ? ಅದನ್ನ ಹೇಳು."

"ನೆಟ್ಟಗಾಗಿದ್ದು ಇಂದಿರವ್ವನ ಎಣ್ಣಿಯಿಂದ."

"ಇಂದಿರವ್ವನ್ನ ಕರೆದವರು ಯಾರು?"

ಅವಳು ನಗುತ್ತ ಬಾಟಲಿಗಳನ್ನು ಒಳಗೆ ಎತ್ತಿಟ್ಟಳು. ನಗಾಡುವ ಸರದಿ ನನಗೂ ಬಂತು. ಅವಳಿಗೆ ಜ್ವರ ಬಂದು ನಾಡಿ ಓಡತೊಡಗಿದಾಗ ಕರಡಿಗೆ ಅವಳನ್ನೇ ಗುರುತಿಸದೆ ಬಾಗಿಲು ಹಾಕಿಕೊಂಡಿತು. ಕಂಬಳಿ ಹೊದ್ದು ಅದರ ಮುಂದೆ ಕುಳಿತು "ಅಯ್ಯ, ನಾನs ಅದೀನಿ, ತಗೀ" ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಜ್ವರ ಬಂದ ಒಡತಿಗೇ ಬೊಗಳುವ ನಾಯಿ ಎಂದು ನಾನು ಒಂದು ವಾರ ನಗಾಡಿದೆ. ಅವಳು ಗುಣವಾದ ಮೇಲೆ ಹೇಳಿದಳು: "ನಗ್ರಿ. ಆದ್ರ ಜ್ವರದಾಗ ನಾ ಬಡಬಡಿಸಿದ್ದು ನಮ್ಮಿಬ್ಬರ ಹೊರತು ಯಾರಿಗೂ ಗೊತ್ತಿಲ್ಲ. ನೀವು ನಿದ್ದ್ಯಾಗ ಗೊರಕಿ ಹೊಡಿಯೂದು ಓಣಿಗೆಲ್ಲ ಗೊತ್ತದ."

ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಅದಲುಬದಲು ವಾರ. ಒಂದೇ ಮನೆಯವರು ಫೋನುಗಳನ್ನು ಬದಲಿಸಿಕೊಳ್ಳಬೇಕು. ಕರಡಿಗೆ ಪರಕೈಗೆ ಹೋಗುವಂಥದಲ್ಲವಾದ್ದರಿಂದ ಆ ವಾರಕ್ಕಾಗಿ ಅದರಲ್ಲಿ ಅತಿಥಿಯ ಬಾಗಿಲೊಂದಿದೆ. ಅತಿಥಿಯ ನಾಡಿ ಗುರುತಾದ ಮೇಲೆ ಅದು ಒಡತಿಯನ್ನೇ ಕೇಳುತ್ತದೆ: "ಇವರಿಗೆ ತೆರೆಯಲೇ?" ಒಡತಿ ತನ್ನ ದನಿಯಲ್ಲಿ ಒಪ್ಪಬೇಕು. ಯಾರೋ ಹಳೆಯ ದನಿಯನ್ನು ಹಿಡಿದಿಟ್ಟು ಕೇಳಿಸಿ ಮೋಸ ಮಾಡಬಾರದೆಂದು ಅದು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ. ಆ ಗಳಿಗೆಯಲ್ಲಿ ಹುಟ್ಟಿದ ಉತ್ತರವೇ ಬೇಕು, ಹಿಂದೆ ಕೇಳಿದ ಮಾತು ನಡೆಯುವುದಿಲ್ಲ. ಆ ಪ್ರಶ್ನೆ ಯಾವುದೆಂದು ಒಡತಿಯೇ ಆರಿಸಬಹುದು. ಗಂಗಾ ಆರಿಸಿದ್ದ ಪ್ರಶ್ನೆ: "ಇವತ್ತಿನ ಅಡುಗೆ ಏನು?"

ಆ ವಾರದ ಮುಂಜಾವುಗಳು ನನಗೆ ಇನ್ನೂ ಕಿವಿಯಲ್ಲಿವೆ. ಪಡಸಾಲೆಯಲ್ಲಿ ನಾನು ಅವಳ ಫೋನು ಹಿಡಿದು ಕುಳಿತಿರುವುದು. ಅದು "ಇವರಿಗೆ ತೆರೆಯಲೇ?" ಎನ್ನುವುದು. ಒಳಗಿನಿಂದ ಅವಳು "ಹೂಂ, ತಗೀ!" ಎಂದು ಕೂಗುವುದು. "ಇವತ್ತಿನ ಅಡುಗೆ ಏನು?" "ಮೆಂತೆ ಪಲ್ಯ, ಝುಣಕ! ಅವರ ಪಾಲಿಗೆ ಬರೇ ಗಂಜಿ!"

ಹೀಗೆ ನಗುತ್ತಲೇ ಅವಳು ಕೆಲಸ ಮಾಡಿದಳು. ಲಿಂಗೈಕ್ಯಳಾದ ದಿನದ ಬೆಳಿಗ್ಗೆಯೂ ನಗುತ್ತಲೇ ಹೊರಟಳು. ಬಾಗಿಲಲ್ಲಿ ನಿಂತು ತಿರುಗಿ ಹೇಳಿದಳು: "ಸಂಜೀಕ ನಿಮಗೊಂದು ಮಾತು ಹೇಳೂದದ. ನೆನಪು ಮಾಡ್ರಿ."

"ಈಗs ಹೇಳು."

"ಈಗ ಹೇಳಿದ್ರ ನಿಮ್ಮ ಅಂಗಳ ಕೇಳ್ತದ. ಮಧ್ಯಾಹ್ನದೊಳಗ ಇಂದಿರವ್ವ ಬಂದು ನನಗs ಹೇಳ್ತಾಳ."

ಅವಳು ಹೇಳಲಿದ್ದ ಮಾತು ಏನು? ಸಮಾಧಿಯ ಮಣ್ಣು ಹಾಕಿ ಬಂದ ಮೇಲೆ ನನ್ನನ್ನು ಸುಟ್ಟದ್ದು ಇದೇ ಪ್ರಶ್ನೆ. ದಿನವೂ ತನ್ನ ಮನಸ್ಸಿನಲ್ಲಿದ್ದುದನ್ನು ಕರಡಿಗೆಗೆ ಹೇಳಿಕೊಳ್ಳುವುದು ಅವಳ ರೂಢಿ. ಆ ಮಾತು ಅಲ್ಲಿ ಇದ್ದೇ ಇದೆ, ಅವಳ ದನಿಯಲ್ಲೇ ಇದೆ. ನಮಗೆ ಮಕ್ಕಳಿಲ್ಲ. ಅವಳ ದನಿ ಕೇಳಬೇಕೆಂದರೆ ಮಗಳ ಗಂಟಲಲ್ಲಿ ಹುಡುಕುವ ಭಾಗ್ಯವೂ ನನಗಿಲ್ಲ. ಮತ್ತು ಆ ದೀಪದ ಎಣ್ಣೆ ಇಳಿಯುತ್ತಿತ್ತು.

ಕೇಂದ್ರದಿಂದ ಫರೀದಾ ನದಾಫ ಬಂದಳು. ಗಂಗಾಳ ಕೈಕೆಳಗೆ ಕಲಿತು ದೊಡ್ಡವಳಾದ ಇಂಜಿನಿಯರು. ನಮ್ಮನ್ನು ಕಾಕಾ, ಮೇಡಂ ಎಂದು ಕರೆಯುವವಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಕುಳಿತು ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು.

"ಕಾಕಾ, ಹೆಂಗ ಕೇಳಲಿ ಗೊತ್ತಾಗವಲ್ದು."

"ಕೇಳವ್ವಾ."

"ಕರಡಿಗಿದು ಒಂದು ಪರೀಕ್ಷಾ ಉಳದದ. 'ಒಡೆಯರು ಹೋದ ಮ್ಯಾಲ ಹತ್ತಿರದವರಿಗೂ ತೆರೆಯಂಗಿಲ್ಲ' ಅಂತ ಮಾಡಿದವರು ಹೇಳ್ತಾರ. ಅದನ್ನ ನಾವು ಯಾರ ಮ್ಯಾಲೂ ನೋಡಿಲ್ಲ. ಹೆಂಗ ನೋಡೂದು? ಮೇಡಂ ಅಂತಿದ್ರು, 'ಅದಕ್ಕ ಒಂದು ಖರೆ ಸಾವು ಬೇಕು, ಒಂದು ಖರೆ ದುಃಖ ಬೇಕು. ಬರ್ತದ ಬಿಡು, ಅವಸರ ಮಾಡಬ್ಯಾಡ' ಅಂತ." ಅವಳು ಕಣ್ಣು ಒರೆಸಿಕೊಂಡಳು. "ನೀವು ಒಲ್ಲೆ ಅಂದ್ರ ನಾ ಎದ್ದು ಹೋಗ್ತೀನಿ."

ನಾನು ಒಲ್ಲೆ ಎನ್ನಲಿಲ್ಲ. ಗಂಗಾಳ ಕೆಲಸಕ್ಕಾಗಿ ಒಪ್ಪಿದೆನೆಂದು ಫರೀದಾ ತಿಳಿದಳು. ನಾನು ಒಪ್ಪಿದ್ದು ಆ ಫೋನು ತೆರೆದೀತೆಂಬ ಆಸೆಯಿಂದ.

ಮಾದರಿ ಮನೆಯ ಅಡುಗೆಮನೆಯಲ್ಲಿ ಒಂದು ಮಣೆ ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ತೊಳೆದಿಟ್ಟ ಒಲೆ, ಖಾಲಿ ಪಾತ್ರೆಗಳು. ಗಾಜಿನ ಆಚೆ ಗಂಗಾಳ ಕುರ್ಚಿ. ಅದನ್ನು ಯಾರೂ ಸರಿಸಿರಲಿಲ್ಲ. ಫರೀದಾ ಅದರ ಪಕ್ಕದಲ್ಲಿ ನಿಂತುಕೊಂಡಳೇ ಹೊರತು ಕೂರಲಿಲ್ಲ. ನನ್ನ ಮುಂದೆ ಕರಡಿಗೆ. ಅದರ ಮೂಲೆಯಲ್ಲಿ ಉಳಿದಿದ್ದ ಚಾರ್ಜು ಒಂದು ಸಣ್ಣ ಕೆಂಪು ಗೀರು.

ಯಂತ್ರಕ್ಕೆ ಸಾವನ್ನು ಸಾರುವ ಅಧಿಕಾರವನ್ನು ಅದನ್ನು ಮಾಡಿದವರು ಕೊಟ್ಟಿಲ್ಲ. ನಾಡಿ ಸಿಗುತ್ತಿಲ್ಲ ಎಂದಷ್ಟೇ ಅದಕ್ಕೆ ಗೊತ್ತು. ಪಟ್ಟಿ ಬಿಚ್ಚಿಟ್ಟು ಒಡತಿ ಸ್ನಾನಕ್ಕೆ ಹೋದಾಗಲೂ ಅದಕ್ಕೆ ಅಷ್ಟೇ ಗೊತ್ತಾಗುತ್ತಿತ್ತು. ಇಷ್ಟು ದಿನ ಅದು ಅವಳು ಬರುತ್ತಾಳೆಂದೇ ಕಾಯುತ್ತ ಕುಳಿತಿತ್ತು, ನನ್ನ ಹಾಗೆ.

ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡೆ. ಅತಿಥಿಯ ನಾಡಿ ಗುರುತಾಯಿತು. ಅದು ಕೇಳಿತು: "ಇವರಿಗೆ ತೆರೆಯಲೇ?"

ಒಳಗಿನಿಂದ ಕೂಗುವವರು ಯಾರೂ ಇರಲಿಲ್ಲ.

ಆಗ ನನ್ನ ಜೇಬಿನಿಂದ ಅಂಗಳ ಮೆಲ್ಲಗೆ ಮಾತಾಡಿತು. "ಮಾಸ್ತರರೇ, ಅದಲುಬದಲು ವಾರದಲ್ಲಿ ಗಂಗಕ್ಕ ಇದಕ್ಕೆ ಉತ್ತರ ಹೇಳಿದ್ದು ನನ್ನಲ್ಲಿದೆ. ಕೇಳಿಸಲೇ?"

ನಾನು ಗಾಜಿನ ಕಡೆ ನೋಡಿದೆ. ಫರೀದಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇದು ಯಾರ ಯೋಚನೆಯಲ್ಲೂ ಇರಲಿಲ್ಲ. ಎರಡು ವ್ಯವಸ್ಥೆಗಳನ್ನು ಬೇರೆಬೇರೆಯಾಗಿ ತೂಗಿದ್ದರೇ ಹೊರತು, ಒಂದೇ ಮನೆಯಲ್ಲಿ ಬಹುಕಾಲ ಬದುಕಿದ ಮೇಲೆ ಒಂದರ ಬಾಗಿಲಿನ ಕೀಲಿ ಇನ್ನೊಂದರ ಹತ್ತಿರ ಇದ್ದೀತೆಂದು ಯಾರೂ ಎಣಿಸಿರಲಿಲ್ಲ.

"ಕೇಳಿಸು," ಎಂದೆ.

"ಹೂಂ, ತಗೀ!"

ಅವಳೇ. ಸೌಟಿನ ಸಪ್ಪಳದ ಸಮೇತ ಅವಳೇ. ನಾನು ಬೆನ್ನು ತಿರುಗಿಸಿ ಬಾಗಿಲ ಕಡೆ ನೋಡಿಬಿಟ್ಟೆ.

ಕರಡಿಗೆ ಎರಡನೆಯ ಪ್ರಶ್ನೆ ಕೇಳಿತು: "ಇವತ್ತಿನ ಅಡುಗೆ ಏನು?"

"ಹಳೆಯ ಉತ್ತರಗಳನ್ನು ಅದು ಒಪ್ಪುವುದಿಲ್ಲ," ಎಂದಿತು ಅಂಗಳ. "ಆದರೆ ಗಂಗಕ್ಕನ ದನಿ ನನಗೆ ಚೆನ್ನಾಗಿ ಗೊತ್ತು. ಹೊಸ ಮಾತನ್ನೂ ಅವರಂತೆಯೇ ಹೇಳಬಲ್ಲೆ. ಇವತ್ತು ಅಡುಗೆ ಏನು ಅಂತ ನೀವು ಹೇಳಿ, ನಾನು ಅವರ ದನಿಯಲ್ಲಿ ಹೇಳುತ್ತೇನೆ."

ಫರೀದಾಳ ದನಿ ಗೋಡೆಯ ಧ್ವನಿವರ್ಧಕದಿಂದ ಬಂತು. "ಕಾಕಾ, ತೆರೀಬಹುದು. ನಾ ಹೊರಗ ಹೋಗ್ತೀನಿ. ಏನರೆ ಕೇಳ್ರಿ, ನಾ ಕೇಳಂಗಿಲ್ಲ. ನೀವು ಕೇಳಿದ ಮ್ಯಾಲೂ ನಾ ಏನೂ ಬರಿಯಂಗಿಲ್ಲ." ಆಚೆ ಬಾಗಿಲು ಮುಚ್ಚಿದ ಸದ್ದಾಯಿತು. ಕಂಡದ್ದನ್ನೆಲ್ಲ ಬರೆಯಬೇಕೆಂದು ಮೇಡಂ ಕಟ್ಟಿದ ನಿಯಮವನ್ನು ಮೇಡಂಳ ಗಂಡನಿಗಾಗಿ ಮುರಿಯಲು ಆ ಹುಡುಗಿ ಸಿದ್ಧಳಾಗಿದ್ದಳು. ಅದು ಪ್ರೀತಿಯೇ, ಬೇರೆ ಏನೂ ಅಲ್ಲ.

ಕೆಂಪು ಗೀರು ಇನ್ನಷ್ಟು ಸಣ್ಣದಾಯಿತು.

ಇವತ್ತಿನ ಅಡುಗೆ ಏನು? ಅಂಗಳಕ್ಕೆ ಏನಾದರೊಂದು ಹೇಳಲು ಬಾಯಿ ತೆರೆದೆ. ಬದನೆಕಾಯಿ ಎನ್ನಲೇ, ಹೆಸರುಕಾಳು ಎನ್ನಲೇ? ಆದರೆ ನಮ್ಮ ಮನೆಯಲ್ಲಿ ಅಡುಗೆಯೇ ಆಗಿರಲಿಲ್ಲ. ನಮ್ಮಲ್ಲಿ ಸೂತಕವೆಂಬುದಿಲ್ಲ, ಶಿವನ ಪಾದಕ್ಕೆ ಹೋದವರಿಂದ ಮೈಲಿಗೆ ಎಲ್ಲಿಯದು? ಆದರೂ ಸಾವಾದ ಮನೆಯವರು ಒಲೆ ಹೊತ್ತಿಸಬಾರದು, ಓಣಿಯವರೇ ಬುತ್ತಿ ತರಬೇಕೆಂಬುದು ಊರ ನಡೆ. ಅತ್ತವರಿಗೆ ಕೆಲಸ ಹಚ್ಚಬಾರದೆಂಬ ಕರುಣೆ ಅದು. ಆ ದಿನ ಬೆಳಿಗ್ಗೆಯೂ ಇಂದಿರವ್ವ ರೊಟ್ಟಿ, ಪುಂಡಿ ಪಲ್ಯ ತಂದು, ಉಂಡೆನೋ ಇಲ್ಲವೋ ಎಂದು ನಿಂತು ನೋಡಿ ಹೋಗಿದ್ದಳು. ನಮ್ಮ ಒಲೆ ತಣ್ಣಗಿತ್ತು. ಗಂಗಾ ಇಲ್ಲದ್ದರಿಂದಲೇ ತಣ್ಣಗಿತ್ತು.

"ಹೂಂ, ತಗೀ" ಎಂದು ಅವಳು ನಿಜವಾಗಿ ಹೇಳಿದ್ದಳು. ಅದನ್ನು ಮತ್ತೆ ಕೇಳುವುದು ನೆನಪು. ಆರಿದ ಒಲೆಯ ಮನೆಯಲ್ಲಿ ಅವಳ ದನಿಯಿಂದ "ಇವತ್ತು ಬದನೆಕಾಯಿ ಮಾಡೀನಿ" ಎಂದು ಹೇಳಿಸಿದರೆ? ಮಣ್ಣಿನಲ್ಲಿ ಅಂಗೈಯ ಲಿಂಗವನ್ನು ನೋಡುತ್ತ ಕುಳಿತವಳನ್ನು ಎಬ್ಬಿಸಿ ತಂದು, ಸುಳ್ಳು ಹೇಳು ಎಂದು ಒಲೆಯ ಮುಂದೆ ನಿಲ್ಲಿಸಿದಂತೆ. ಬದುಕಿನುದ್ದಕ್ಕೂ ಖರೆಯನ್ನೇ ತೂಗಿದವಳ ಬಾಯಲ್ಲಿ ನಾನು ಇಡುವ ಮೊದಲ ಸುಳ್ಳು ಅದು. ಅವಳ ಗುಟ್ಟಿನ ಮಾತಿಗಾಗಿ ಅವಳನ್ನೇ ಅವಳಲ್ಲದಂತೆ ಮಾಡಿದರೆ, ಆಮೇಲೆ ಆ ಫೋನಿನಿಂದ ಕೇಳುವ ದನಿಯನ್ನು ಅವಳದೆಂದು ಹೇಗೆ ನಂಬಲಿ?

"ಬ್ಯಾಡ," ಎಂದೆ ಅಂಗಳಕ್ಕೆ. "ನೀ ಹೇಳಬ್ಯಾಡ. ಎಂದೂ ಆಕಿ ದನಿಯೊಳಗ ಹೊಸಾ ಮಾತು ಹೇಳಬ್ಯಾಡ."

"ಆಗಲಿ ಮಾಸ್ತರರೇ," ಎಂದಿತು. ಆಮೇಲೆ, "ಉಳಿದ ಅಂಗಳಗಳಿಗೂ ಹಾಗೆಯೇ ಹೇಳಲೇ?" ಎಂದು ಕೇಳಿತು.

"ಎಲ್ಲಾರಿಗೂ ಹೇಳು."

ಆಮೇಲೆ ಕರಡಿಗೆಯನ್ನು ಅಂಗೈಯಲ್ಲಿ ಎತ್ತಿಕೊಂಡೆ. ಅದು ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. ಕಾಯುವವರಿಗೆ ನಿಜ ಹೇಳದೆ ಇರಬಾರದು.

"ಇವತ್ತು ನಮ್ಮ ಮನ್ಯಾಗ ಒಲಿ ಹೊತ್ತಿಲ್ಲಪ್ಪಾ," ಎಂದು ನನ್ನ ದನಿಯಲ್ಲೇ ಹೇಳಿದೆ. "ನಿನ್ನ ಒಡತಿ ಶಿವನ ಪಾದ ಸೇರ್ಯಾಳ. ಇನ್ನ ಬರಂಗಿಲ್ಲ."

ಅದು ಉತ್ತರಿಸಿತು: "ಇದು ಒಡತಿಯವರ ದನಿಯಲ್ಲ. ತೆರೆಯಲಾರೆ."

ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ಕೊಟ್ಟ ಮಾತು ಮಾತ್ರ ಇತ್ತು. ಕೆಂಪು ಗೀರು ಆರುವವರೆಗೂ ನಾನು ಅದನ್ನು ಅಂಗೈಯಲ್ಲೇ ಹಿಡಿದು ಕುಳಿತೆ. ಪೂಜೆಗೆ ಕುಳಿತಂತೆಯೇ ಬೆನ್ನು ನೆಟ್ಟಗಿತ್ತು. ಅದು ಆರಿತು. ಅವಳು ಸಂಜೆಗೆಂದು ಇಟ್ಟಿದ್ದ ಮಾತು ಅವಳ ಜೊತೆಗೇ ಹೋಯಿತು.

ಹೊರಗೆ ಫರೀದಾ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಕಪ್ಪು ಫೋನು ನೋಡಿದಳು.

"ತೆರೀಲಿಲ್ಲೇನು ಕಾಕಾ?"

"ಇಲ್ಲವ್ವಾ. ಆದ್ರ ನಾ ಪೂರಾ ನೂಕಿ ನೋಡಿಲ್ಲ. ಅದನ್ನ ಹಂಗs ಬರಿ."

ಅವಳು ಹಾಗೆಯೇ ಬರೆದಳು. ಮರುದಿನ ತನ್ನದೇ ಕರಡಿಗೆಯನ್ನು ಅದೇ ಮಣೆಯ ಮುಂದಿಟ್ಟು, ಅತಿಥಿಯಾಗಿ ಬೇರೊಬ್ಬರ ಮಣಿಕಟ್ಟಿಗೆ ಪಟ್ಟಿ ಸುತ್ತಿ, ತನ್ನ ದನಿಯಲ್ಲಿ ಅಂಗಳದಿಂದ ಹೊಸ ಉತ್ತರ ಹೇಳಿಸಿ, ತಾನು ಮುಟ್ಟದೆ ನಿಂತು ನೋಡಿದಳು. ಬಾಗಿಲು ತೆರೆಯಿತು. ಅಂದರೆ ಹಿಂದಿನ ದಿನ ನಾನು ಒಂದು ಪಲ್ಯದ ಹೆಸರು ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಲು ಬಂದಾಗ ಫರೀದಾ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಆ ಕೊರತೆಯನ್ನು ವರದಿಯಲ್ಲಿ ಕಾಣಿಸಿದರು, ಮಾಡಿದವರು ಅದನ್ನು ಸರಿಪಡಿಸಿದರು. ಈಗ ಎರಡನೆಯ ಉತ್ತರಕ್ಕೆ ದನಿಯ ಜೊತೆ ಒಡೆಯರ ನಾಡಿಯೂ ಸಿಗಬೇಕು. ಲೋಕದ ಕರಡಿಗೆಗಳೆಲ್ಲ ಮೊದಲಿಗಿಂತ ಗಟ್ಟಿಯಾದವು. ಅದು ಗಂಗಾಳ ಕೊನೆಯ ಕೆಲಸವೆಂದೇ ನಾನು ತಿಳಿದಿದ್ದೇನೆ.

ಯಾವುದು ಮೇಲು ಎಂದು ಜನ ನನ್ನನ್ನು ಕೇಳುತ್ತಾರೆ. ಮಾಸ್ತರನಾಗಿದ್ದವನು ಅಂಕ ಕೊಡದೆ ಬಿಡಬಾರದು. ಆದರೆ ಈ ಎರಡು ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನ ಕೈ ನಿಲ್ಲುತ್ತದೆ. ಮನುಷ್ಯನ ಬುದ್ಧಿ ಎಂಥದು! ಕೈಯಗಲದ ಗಾಜಿನೊಳಗೆ ಇಂಥ ನಿಷ್ಠೆಯನ್ನೂ ಇಟ್ಟಿತು, ಇಂಥ ಔದಾರ್ಯವನ್ನೂ ಇಟ್ಟಿತು. ನಮ್ಮ ಹಿರಿಯರು ಇವೆರಡನ್ನೂ ಒಂದೇ ದಿನದಲ್ಲಿ ನಡೆಸಿದರು. ಬೆಳಿಗ್ಗೆ ಅಂಗೈಯ ಲಿಂಗದೊಡನೆ ಒಬ್ಬರೇ ಕುಳಿತರು, ಆಮೇಲೆ ಬಾಗಿಲು ತೆರೆದು ಬಂದವರಿಗೆಲ್ಲ ದಾಸೋಹ ಮಾಡಿದರು. ಯಾವುದು ಮೇಲೆಂದು ಅವರು ಜಗಳಾಡಿದ್ದನ್ನು ನಾನು ಕೇಳಿಲ್ಲ. ಜಗಳಾಡಿದವರು ನಾವಿಬ್ಬರೇ, ಅದೂ ನಗುವುದಕ್ಕಾಗಿ.

ಗಂಗಾಳ ಹೆಸರಿನ ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಎದುರು ಮನೆಯಿಂದ ಮಾತು ಕೇಳಿತು. ಇಂದಿರವ್ವನ ಸೊಸೆ ರೊಟ್ಟಿ ಬಡಿಯುವುದನ್ನು ಹೊಸದಾಗಿ ಕಲಿಯುತ್ತಿದ್ದಳು. ರೊಟ್ಟಿ ಹರಿಯುತ್ತಿತ್ತು. ಅವರ ಮನೆಯ ಅಂಗಳ ತನ್ನದೇ ದನಿಯಲ್ಲಿ ಹೇಳುತ್ತಿತ್ತು: "ನೀರು ಕುದಿಯುವ ಮುಂಚೆ ಹಿಟ್ಟು ಹಾಕಬೇಡಿ. ಕುದ್ದ ಮೇಲೆ ಹಾಕಿ, ಬಿಸಿಯಿರುವಾಗಲೇ ನಾದಿ. ಗಂಗಕ್ಕ ಹೀಗೆ ಮಾಡುತ್ತಿದ್ದರು."

"ಹೌದ ನೋಡು," ಎಂದಳು ಇಂದಿರವ್ವ. "ನನಗೂ ಆಕಿನs ಕಲಿಸಿದ್ದು. ಆಕಿ ಬೈದದ್ದನ್ನರೆ ಹೇಳ್ತೇನು ಈ ಫೋನು?"

"ಬೈದದ್ದು ನನ್ನಲ್ಲಿ ಇಲ್ಲ," ಎಂದಿತು ಅಂಗಳ. "ಕಲಿಸಿದ್ದು ಮಾತ್ರ ಇದೆ."

ಇಂದಿರವ್ವ ಗಟ್ಟಿಯಾಗಿ ನಕ್ಕಳು, ನಕ್ಕವಳು ಹಾಗೆಯೇ ಅತ್ತಳು. ನಾನು ಕಿಟಕಿಯ ಈಚೆ ನಿಂತಿದ್ದೆ. ಗಂಗಾ ದನಿಯಲ್ಲಿ ಬಿಟ್ಟುಹೋದದ್ದು ಒಂದು ಕಡೆ ಮುಚ್ಚಿಹೋಗಿತ್ತು. ಅವಳು ಕಲಿಸಿ ಹೋದದ್ದು ಒಲೆಯಿಂದ ಒಲೆಗೆ ದಾಟುತ್ತಿತ್ತು.

ಅವತ್ತು ನಾನು ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ, ಅಡುಗೆಮನೆಗೆ ಹೋದೆ. ಬೂದಿಬಣ್ಣ ಹಿಡಿದಿದ್ದ ಒಲೆಯನ್ನು ಒರೆಸಿದೆ. ಮೆಂತೆ ಸೊಪ್ಪನ್ನು ಬಿಡಿಸಿ ತೊಳೆದೆ. ಬೆಂಕಿ ಹೊತ್ತಿತು. ಒಗ್ಗರಣೆ ಸ್ವಲ್ಪ ಸೀದಿತು. ದೇವರ ಜಗುಲಿಯ ಮೇಲೆ ಅವಳ ಕಪ್ಪು ಫೋನು ಇತ್ತು, ಒಳಗೆ ಏನೂ ಇಲ್ಲದೆ, ಯಾರಿಗೂ ತೆರೆಯದೆ. ಅದರ ಕಡೆ ತಿರುಗಿ, ಯಾರೂ ಕೇಳದಿದ್ದರೂ ಉತ್ತರ ಹೇಳಿದೆ:

"ಇವತ್ತು ಮೆಂತೆ ಪಲ್ಯ, ಗಂಗಾ. ನನ್ನ ಪಾಲಿಗೆ ಗಂಜಿ ಅಲ್ಲ."

ತಂದೆ ಮಹಾದೇವಾ, ಎಲ್ಲರ ಗುಟ್ಟನ್ನೂ ಬಲ್ಲವನು ನೀನೊಬ್ಬನೇ. ಅವಳು ನನಗೆ ಹೇಳದೆ ಉಳಿದ ಮಾತು ನಿನ್ನ ಹತ್ತಿರ ಇದೆಯೆಂದು ನಂಬಿದ್ದೇನೆ. ಅದನ್ನು ನಾನು ಕೇಳುವುದಿಲ್ಲ, ನೀನೇ ಕೇಳಿಸಿಕೋ. ನಿಜವನ್ನು ನಿಜವಾಗಿ ತೂಗಿದ ಆ ಕೈಗಳಿಗೆ ಇನ್ನು ದಣಿವಿರದಿರಲಿ. ಅವಳ ಅಂಗೈಯಲ್ಲಿ ನೀನಿರು, ನಿನ್ನ ಅಂಗೈಯಲ್ಲಿ ಅವಳಿರಲಿ. ನನ್ನ ಗಂಗಾಂಬಿಕೆಯ ಜೀವಕ್ಕೆ ಶಾಂತಿಯನ್ನು ಕೊಡು, ಶಾಂತಿಯನ್ನು ಕೊಡು.